ಇಕ್ಕಟ್ಟಿನೊಳಗಿನ ಪದ್ಮಿನಿ: ಹಳೆಯ ಕಾರಿನ ಮನೆದುರಸ್ತಿಯ ಬವಣೆಗಳು

ಕನ್ನಡ ನಾಡಿನಲ್ಲಾಗಲಿ, ಉದ್ಯೋಗನಿಮಿತ್ತ ಹೊರನಾಡಿಗೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಾಗಲಿ, ಎಂಬತ್ತರ ದಶಕದ ಆರಂಭದವರೆಗೆ ಕಾರು ಎಂದರೆ ಬಹುಮಟ್ಟಿಗೆ ಎರಡೇ ಹೆಸರುಗಳು ಕೇಳಿಬರುತ್ತಿದ್ದವು. ಒಂದು ಅಂಬಾಸಿಡರ್, ಇನ್ನೊಂದು ಫಿಯಾಟ್. ಹಣ ಕಟ್ಟಿ ವರ್ಷಗಟ್ಟಲೆ ಕಾದು ಪಡೆದ ಆ ವಾಹನವನ್ನು ನಮ್ಮ ಹಿರಿಯರು ಮನೆಯ ಸದಸ್ಯನಂತೆಯೇ ನೋಡಿಕೊಂಡರು. ಇಂದು ಅನೇಕ ಮನೆಗಳಲ್ಲಿ ಆ ಹಿರಿಯರಿಲ್ಲ, ಕಾರು ಮಾತ್ರ ಹೊದಿಕೆ ಹೊದ್ದು ನಿಂತಿದೆ. ಅದನ್ನು ಮನೆಯಲ್ಲಿಯೇ ದುರಸ್ತಿ ಮಾಡಿಕೊಂಡು ಓಡಿಸಲು ಸಾಧ್ಯವೇ ಎಂದು ಪರಿಚಿತರು ನಮ್ಮನ್ನು ಆಗಾಗ ಕೇಳುವುದುಂಟು. ಸಾಧ್ಯವಿದೆ. ಆದರೆ ಎಷ್ಟರಮಟ್ಟಿಗೆ ಸಾಧ್ಯ, ಎಲ್ಲಿ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ, ಸಣ್ಣ ಕೆಲಸವೊಂದು ಇಡೀ ದಿನವನ್ನು ನುಂಗುವುದೇಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ನಾವು ಹೇಳಹೊರಟಿರುವುದು ಪ್ರೀಮಿಯರ್ ಪದ್ಮಿನಿಯ ಕುರಿತು. ಇಟಲಿಯ ಫಿಯಾಟ್ ಸಂಸ್ಥೆ 1953ರಲ್ಲಿ ಹೊರತಂದ 1100 ಮಾದರಿಯ ವಂಶಕ್ಕೆ ಸೇರಿದ ಕಾರಿದು. ವಾಲಚಂದ್ ಹೀರಾಚಂದ್ ಅವರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಇದನ್ನು ತಯಾರಿಸುತ್ತಿತ್ತು. ಐವತ್ತರ ದಶಕದ ದುಂಡುಮೈಯ ಮಾದರಿಗೆ ಮರಾಠಿಗರು ‘ಡುಕ್ಕರ್ ಫಿಯಾಟ್’, ಅಂದರೆ ಹಂದಿ ಫಿಯಾಟ್, ಎಂದು ಹೆಸರಿಟ್ಟಿದ್ದರು. ನಾಗಪುರದ ಹಳಬರ ಬಾಯಲ್ಲಿ ಆ ಹೆಸರು ಇಂದಿಗೂ ಇದೆ. 1964ರಲ್ಲಿ ‘1100 ಡಿಲೈಟ್’ ಬಂದಿತು. ಎಪ್ಪತ್ತರ ದಶಕದಲ್ಲಿ ಅದೇ ಕಾರು ಪದ್ಮಿನಿಯಾಯಿತು. ಹಂದಿಯಿಂದ ಪದ್ಮಿನಿಯವರೆಗಿನ ಈ ಬಡ್ತಿ ನಮ್ಮಂತಹ ಬ್ಯಾಂಕ್ ನೌಕರರಿಗೆ ಅಸೂಯೆ ಹುಟ್ಟಿಸುವಂಥದ್ದು. ಪದ್ಮಿನಿ, ಚಿತ್ತಿನಿ, ಶಂಖಿನಿ, ಹಸ್ತಿನಿ ಎಂಬ ಹಳೆಯ ವರ್ಗೀಕರಣವನ್ನು ಬಲ್ಲವರು ಅಂಬಾಸಿಡರಿಗೆ ಯಾವ ಹೆಸರು ಸಲ್ಲುತ್ತದೆಂದು ತಾವೇ ನಿರ್ಧರಿಸಿಕೊಳ್ಳಬಹುದು.

ನಮ್ಮ ಮನೆಯ ಪದ್ಮಿನಿಯನ್ನು ತಂದೆಯವರು 1986ರಲ್ಲಿ ಧಾರವಾಡದಲ್ಲಿ ಕೊಂಡರು. ಅವರ ನಿಧನಾನಂತರ ಅದು ಲಾರಿಯ ಮೇಲೆ ನಾಗಪುರಕ್ಕೆ ಬಂದು, ನಿರಾಕ್ಷೇಪಣಾ ಪತ್ರ, ತೆರಿಗೆ, ತಪಾಸಣೆಗಳೆಲ್ಲ ಮುಗಿದ ಬಳಿಕ ಎಂ.ಎಚ್. 31 ಎಂಬ ಸಂಖ್ಯೆ ಪಡೆಯಿತು. ಎಂಬತ್ತು ದಾಟಿದ ನಮ್ಮ ತಾಯಿಯವರು ಮಕ್ಕಳ ಹೊಸ ಕಾರುಗಳನ್ನು ಏರಲು ಒಪ್ಪುವುದಿಲ್ಲ. ಪದ್ಮಿನಿಯ ಗೇರು ಸ್ಟಿಯರಿಂಗ್ ಕಂಬಕ್ಕೆ ಅಂಟಿಕೊಂಡಿರುವುದರಿಂದ ಮುಂದಿನ ಆಸನ ಒಂದೇ ಉದ್ದನೆಯ ಬೆಂಚು. ಸೀರೆಯುಟ್ಟ ವೃದ್ಧೆಗೆ ಕುಳಿತು ಸರಿದುಕೊಳ್ಳಲು ಅದರಷ್ಟು ಅನುಕೂಲ ಬೇರೆಯಿಲ್ಲ. ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಯೊಂದಿಗೆ ನವೀಕರಣ. ಹಾಗೆ 2001ರಿಂದ ಆರಂಭಿಸಿ 2021ರವರೆಗೆ ಐದು ಸಲ ಗೆದ್ದು ಬಂದ ಕಾರನ್ನು 2026ರ ಸರದಿಗೆ ಅಣಿಗೊಳಿಸುವ ಸಂದರ್ಭದಲ್ಲಿ ಕಂಡುಕೊಂಡದ್ದೇ ಈ ಬರಹದ ಬಹುಪಾಲು. ಗುಜರಿಗೆ ಹಾಕಿ ಪ್ರಮಾಣಪತ್ರ ಪಡೆಯಿರಿ, ಹೊಸ ಕಾರಿಗೆ ರಿಯಾಯಿತಿಯೂ ಸಿಗುತ್ತದೆ ಎಂಬುದು ಮನೆಯ ಕಿರಿಯರ ಪಕ್ಷ.

ಈಗ ಇಕ್ಕಟ್ಟಿನ ಮಾತಿಗೆ ಬರೋಣ. ಪದ್ಮಿನಿ ಸುಮಾರು 3.9 ಮೀಟರ್ ಉದ್ದ, 1.46 ಮೀಟರ್ ಅಗಲದ ಕಾರು. ಅದರ 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಇಂಜಿನ್ನನ್ನು ಉದ್ದಕ್ಕೆ ಕೂರಿಸಿದ್ದಾರೆ. ಬಾನೆಟ್ ಎತ್ತಿ ಮೇಲಿನಿಂದ ನೋಡುವವರಿಗೆ ‘ಇದೇನು ಕಷ್ಟ’ ಎನಿಸುವಷ್ಟು ಸರಳ ನೋಟ. ಪ್ಲಗ್ಗುಗಳು, ಡಿಸ್ಟ್ರಿಬ್ಯೂಟರ್, ಕಾರ್ಬ್ಯುರೇಟರ್ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಆದರೆ ಕೈಯನ್ನು ಕೆಳಗಿಳಿಸಿದಂತೆ ಜಾಗ ಬಾವಿಯಂತೆ ಕಿರಿದಾಗುತ್ತದೆ. ಒಂದು ಮಗ್ಗುಲಿಗೆ ಬ್ಲಾಕು, ಇನ್ನೊಂದು ಮಗ್ಗುಲಿಗೆ ಚಕ್ರದ ಗೂಡಿನ ತಗಡು, ಬಲಗಡೆ ಸ್ಟಿಯರಿಂಗ್ ಪೆಟ್ಟಿಗೆ. ಕಣ್ಣಿಗೆ ಕಾಣುವುದು ಕೈಗೆ ಸಿಗುವುದಿಲ್ಲ, ಕೈಗೆ ಸಿಕ್ಕಿದ್ದು ಕಣ್ಣಿಗೆ ಕಾಣುವುದಿಲ್ಲ.

ಇದು ಪದ್ಮಿನಿಯೊಂದರ ದೋಷವೇನಲ್ಲ. ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಕೂಡಿಸುವುದಕ್ಕೊಂದು ಕ್ರಮವಿರುತ್ತದೆ. ಮೊದಲು ಕೂತದ್ದು ಒಳಗೆ, ಕೊನೆಗೆ ಕೂತದ್ದು ಹೊರಗೆ. ದುರಸ್ತಿ ಮಾಡುವವನಿಗೆ ಬೇಕಾದದ್ದು ಒಳಗಿನದು. ಆದ್ದರಿಂದ ಕೆಡದ ನಾಲ್ಕು ವಸ್ತುಗಳನ್ನು ಬಿಚ್ಚಿ ಕೆಟ್ಟ ಒಂದನ್ನು ಮುಟ್ಟಬೇಕು. ಕೆಲವು ವಿನ್ಯಾಸಕಾರರು ಇದನ್ನು ಯೋಚಿಸಿದ್ದೂ ಉಂಟು. ಅರವತ್ತರ ದಶಕದಲ್ಲಿ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ಇಡೀ ಮುಂಭಾಗ, ಚಕ್ರದ ಮೇಲಿನ ತಗಡಿನ ಸಮೇತ, ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಟಯರಿನ ಮೇಲೆಯೇ ಕುಳಿತು ಇಂಜಿನ್ನಿನ ಕೆಲಸ ಮಾಡಬಹುದಾಗಿತ್ತು. ಇದಕ್ಕೆ ತದ್ವಿರುದ್ಧವಾದದ್ದು 1959ರಲ್ಲಿ ಇಂಗ್ಲೆಂಡಿನಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಿನಿ. ಹತ್ತು ಅಡಿ ಉದ್ದದ ಕಾರಿನಲ್ಲಿ ನಾಲ್ವರಿಗೆ ಜಾಗ ಮಾಡಿಕೊಡಲು ಆತ ಇಂಜಿನ್ನನ್ನೇ ಅಡ್ಡಲಾಗಿ ತಿರುಗಿಸಿಬಿಟ್ಟ. ಡಿಸ್ಟ್ರಿಬ್ಯೂಟರ್ ಮುಂದಿನ ಜಾಲರಿಯ ಹಿಂದೆಯೇ ಬಂದು, ಮಳೆಯಲ್ಲಿ ನೆನೆದು ಕಾರು ನಿಲ್ಲುವುದು ಆ ಕಾಲದ ಪ್ರಸಿದ್ಧ ದೂರು. ಪ್ರಯಾಣಿಕನಿಗೆ ಕೊಟ್ಟ ಒಂದೊಂದು ಅಂಗುಲವನ್ನೂ ಮೆಕ್ಯಾನಿಕ್ಕಿನಿಂದ ಕಿತ್ತುಕೊಂಡದ್ದೆಂದು ತಿಳಿಯಬೇಕು. 1983ರ ಡಿಸೆಂಬರಿನಲ್ಲಿ ಬಂದ ನಮ್ಮ ಮಾರುತಿ 800 ಕೂಡ ಅಡ್ಡ ಇಂಜಿನ್ನಿನ ಸಂತತಿಯೇ. ಪದ್ಮಿನಿ ಈ ಎರಡು ತುದಿಗಳ ನಡುವಿನದು.

ಇಕ್ಕಟ್ಟು ನಿಜವಾಗಿ ಕಾಡುವುದು ಪಾನಾ ತಿರುಗಿಸುವಲ್ಲಿ. (ಸ್ಪ್ಯಾನರಿಗೆ ಹುಬ್ಬಳ್ಳಿಯ ಗ್ಯಾರೇಜಿನಲ್ಲೂ ಪಾನಾ, ನಾಗಪುರದ ಗ್ಯಾರೇಜಿನಲ್ಲೂ ಪಾನಾ, ಇಕ್ಕಳ ಎರಡೂ ಕಡೆ ಪಕ್ಕಡ. ಭಾಷಾವಾರು ಪ್ರಾಂತ್ಯ ರಚನೆ ಗ್ಯಾರೇಜಿನ ಬಾಗಿಲಲ್ಲೇ ನಿಂತುಬಿಟ್ಟಿದೆ.) ನಟ್ಟಿಗೆ ಆರು ಮೈ. ಬಾಯಿ ತೆರೆದ ಪಾನಾ ಒಮ್ಮೆ ಹಿಡಿದು ತಿರುಗಿಸಿದ ಮೇಲೆ ಮುಂದಿನ ಮೈಯನ್ನು ಹಿಡಿಯಬೇಕಾದರೆ 60 ಡಿಗ್ರಿ ತಿರುಗಿರಬೇಕು. ಅಷ್ಟು ಜಾಗವಿರುವುದಿಲ್ಲವೆಂದೇ ಪಾನಾದ ಬಾಯನ್ನು ಹಿಡಿಗೆ 15 ಡಿಗ್ರಿ ಓರೆಯಾಗಿ ಮಾಡಿರುತ್ತಾರೆ. ಪ್ರತಿ ಸಲ ಅದನ್ನು ಮಗುಚಿ ಹಾಕಿದರೆ 30 ಡಿಗ್ರಿಯಲ್ಲಿ ಕೆಲಸ ಸಾಗುತ್ತದೆ. ಹನ್ನೆರಡು ಮೂಲೆಯ ರಿಂಗ್ ಪಾನಾದ ಲೆಕ್ಕವೂ 30 ಡಿಗ್ರಿಯೇ. ಆದರೆ ಬ್ಲಾಕಿಗೂ ತಗಡಿಗೂ ನಡುವೆ ಪಾನಾ ಆಡಲು ಸಿಗುವುದು ಇಪ್ಪತ್ತೇ ಡಿಗ್ರಿಯಾದರೆ? ಬಲವೂ ನಿರುಪಯೋಗಿ, ಜಾಣ್ಮೆಯೂ ನಿರುಪಯೋಗಿ. ಆಗ 72 ಹಲ್ಲಿನ ರ‍್ಯಾಚೆಟ್ ಬೇಕು. ಅದಕ್ಕೆ ಐದೇ ಡಿಗ್ರಿ ಸಾಕು. ಅದರ ಜೊತೆ ಉದ್ದನೆಯ ಎಕ್ಸ್‌ಟೆನ್ಷನ್ ಸರಳು ಮತ್ತು ಮೂಲೆಯಲ್ಲಿ ಬಾಗುವ ಯೂನಿವರ್ಸಲ್ ಜಾಯಿಂಟ್ ಇದ್ದರೆ ಅರ್ಧ ಜಗಳ ಗೆದ್ದಂತೆ. ಹಳೆಯ ಕಾರಿಗೆ ಹಣ ಸುರಿಯುವ ಮುನ್ನ ಈ ಮೂರು ಉಪಕರಣಗಳಿಗೆ ಸುರಿಯಿರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೊಳ್ಳುವಾಗ ಮಿಲಿಮೀಟರ್ ಅಳತೆಯವನ್ನೇ ಕೊಳ್ಳಬೇಕು. ಫಿಯಾಟ್ ಇಟಲಿಯದಾದ್ದರಿಂದ ಅದರದು ಮೆಟ್ರಿಕ್ ಲೆಕ್ಕ. ಅಂಬಾಸಿಡರ್ ಮಾರಿಸ್ ಆಕ್ಸ್‌ಫರ್ಡಿನ ಮಗುವಾದ್ದರಿಂದ ಅದರದು ಅಂಗುಲದ ಲೆಕ್ಕ. ಪಕ್ಕದ ಮನೆಯ ಅಂಬಾಸಿಡರಿನ ಪೆಟ್ಟಿಗೆಯಿಂದ ಎರವಲು ತಂದ ಪಾನಾ ಸರಿಹೊಂದಿದಂತೆ ಕಂಡು, ಬಲ ಹಾಕಿದಾಗ ಜಾರಿ ನಟ್ಟಿನ ಮೂಲೆಗಳನ್ನು ಸವೆಸುತ್ತದೆ. ಮೂಲೆ ಸವೆದ ನಟ್ಟು ಇಕ್ಕಟ್ಟಿನಲ್ಲಿದ್ದರೆ ಅದನ್ನು ತೆಗೆಯುವುದು ಹಲ್ಲು ಕೀಳಿಸಿದಷ್ಟೇ ಸುಖಕರ.

ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಬೇಕು. ಎಕ್ಸಾಸ್ಟಿನ ಬೋಲ್ಟುಗಳಲ್ಲಿ ಇದನ್ನು ತಪ್ಪಿಸುವಂತಿಲ್ಲ. ಕಾದು ಆರಿ, ಕಾದು ಆರಿ ಅವು ಕಬ್ಬಿಣದೊಂದಿಗೆ ಒಂದಾಗಿರುತ್ತವೆ. ಬಿಚ್ಚಿದ ತಂತಿಗಳಿಗೆಲ್ಲ ಚೀಟಿ ಅಂಟಿಸುವುದು, ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು, ಇಂಜಿನ್ನಿನ ಕೆಳಗೆ ಹಳೆಯ ಬೆಡ್‌ಶೀಟ್ ಹರಡುವುದು ಇವೆಲ್ಲ ಸಣ್ಣ ಶಿಸ್ತುಗಳು. ಬೆಡ್‌ಶೀಟ್ ಏಕೆಂದರೆ, ಕೈಜಾರಿದ ವಾಶರ್ ನೆಲಕ್ಕೆ ಬಿದ್ದರೆ ಪುಣ್ಯ. ಬಹುತೇಕ ಸಲ ಅದು ನೆಲವನ್ನು ತಲುಪುವುದೇ ಇಲ್ಲ, ನಡುವೆ ಎಲ್ಲೋ ಒಂದು ಮೂಲೆಯಲ್ಲಿ ತಂಗಿಬಿಡುತ್ತದೆ. ತಂತಿಯ ತುದಿಗೆ ಅಯಸ್ಕಾಂತ ಕಟ್ಟಿ ಗಾಳ ಹಾಕಬೇಕು.

ಬಾನೆಟ್ಟಿಗಿಂತಲೂ ಘೋರವಾದ ತಾಣ ಡ್ಯಾಶ್‌ಬೋರ್ಡಿನ ಅಡಿ. ಸ್ಪೀಡೋಮೀಟರಿನ ಕೇಬಲ್ ತುಂಡಾದರೆ, ವೈಪರಿನ ಸಂಧಿ ಸಡಿಲವಾದರೆ, ಯಾವುದೋ ತಂತಿ ಸುಟ್ಟ ವಾಸನೆ ಬಂದರೆ ಅಲ್ಲಿಗೆ ಹೋಗದೆ ವಿಧಿಯಿಲ್ಲ. ತಲೆ ಪೆಡಲುಗಳ ಬಳಿ, ಬೆನ್ನು ಬಾಗಿಲಿನ ಹೊಸ್ತಿಲ ಮೇಲೆ, ಕಾಲು ಹೊರಗೆ ಆಕಾಶದಲ್ಲಿ. ಶವಾಸನವೂ ಅಲ್ಲದ, ಶೀರ್ಷಾಸನವೂ ಅಲ್ಲದ ಈ ಭಂಗಿಯಲ್ಲಿ ಐವತ್ತು ದಾಟಿದ ಮನುಷ್ಯ ಹತ್ತು ನಿಮಿಷಕ್ಕಿಂತ ಹೆಚ್ಚು ಇರಲಾಗದು. ಕನ್ನಡಕ ಹಾಕಿದರೆ ಜಾರಿ ಹಣೆಗೆ ಬರುತ್ತದೆ, ತೆಗೆದರೆ ತಂತಿಯ ಬಣ್ಣ ತಿಳಿಯುವುದಿಲ್ಲ. ಮುಂದಿನ ಆಸನವನ್ನು ಮೊದಲೇ ಬಿಚ್ಚಿ ಹೊರಗಿಟ್ಟರೆ ಒಟ್ಟು ಸಮಯ ಉಳಿಯುತ್ತದೆಂಬುದು ಇಲ್ಲಿನ ದೊಡ್ಡ ರಹಸ್ಯ. ಕೆಲಸಕ್ಕೆ ಕೈಹಾಕುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಕಳಚಿರಬೇಕೆಂದು ಹೇಳಬೇಕಾದ್ದಿಲ್ಲವಷ್ಟೆ.

ನಾಗಪುರದ ಬೇಸಿಗೆ ಈ ಇಕ್ಕಟ್ಟಿಗೆ ಇನ್ನೊಂದು ಆಯಾಮವನ್ನು ಸೇರಿಸುತ್ತದೆ. ಮೇ ತಿಂಗಳಲ್ಲಿ ಇಲ್ಲಿನ ತಾಪಮಾನ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ವಿಶೇಷವೇನಲ್ಲ. ಪೆಟ್ರೋಲಿನ ಅತಿ ಹಗುರಾದ ಅಂಶಗಳು 35ರಿಂದ 40 ಡಿಗ್ರಿಯಲ್ಲೇ ಕುದಿಯತೊಡಗುತ್ತವೆ. ಪದ್ಮಿನಿಯ ಪೆಟ್ರೋಲ್ ಪಂಪ್ ಇಂಜಿನ್ನಿನ ಬ್ಲಾಕಿಗೇ ಅಂಟಿಕೊಂಡಿರುತ್ತದೆ. ಕ್ಯಾಮ್‌ಶಾಫ್ಟಿನ ಉಬ್ಬು ಅದರ ಸನ್ನೆಯನ್ನು ಒತ್ತಿದಂತೆ ಒಳಗಿನ ಪೊರೆ ಮೇಲೆ ಕೆಳಗೆ ಆಡಿ ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರುವಾಗ ಒತ್ತಡ ಇಳಿಯುವುದರಿಂದ ಕುದಿಯುವುದು ಇನ್ನೂ ಸುಲಭ. ಪಂಪಿನಲ್ಲಿ ದ್ರವದ ಬದಲು ಆವಿ ತುಂಬಿಕೊಂಡರೆ ಅದು ಎಷ್ಟು ಬಡಿದುಕೊಂಡರೂ ಪೆಟ್ರೋಲ್ ಮುಂದೆ ಹೋಗದು. ಕಾರು ಕೆಮ್ಮಿ ನಿಲ್ಲುತ್ತದೆ. ಇದನ್ನೇ ವೇಪರ್ ಲಾಕ್ ಎನ್ನುತ್ತಾರೆ. ಹಳೆಯ ಚಾಲಕರು ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಐದು ನಿಮಿಷ ಕಾದು ಮುಂದೆ ಹೋಗುತ್ತಿದ್ದರು. ಅದು ಮೂಢನಂಬಿಕೆಯಲ್ಲ. ನಾಗಪುರದ ಪ್ರತಿ ಕಿಟಕಿಯಲ್ಲೂ ಗೊರಗೊರ ಎನ್ನುವ ಹುಲ್ಲಿನ ಕೂಲರ್ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ: ಒಣ ಗಾಳಿಯಲ್ಲಿ ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಮಂಗಳೂರಿನ ತೇವದ ಸೆಕೆಯಲ್ಲಿ ಕೂಲರೂ ಸೋಲುತ್ತದೆ, ಒದ್ದೆ ಬಟ್ಟೆಯೂ ಅಷ್ಟಾಗಿ ಗೆಲ್ಲುವುದಿಲ್ಲ. ಪಂಪಿಗೂ ಬ್ಲಾಕಿಗೂ ನಡುವೆ ಇರಬೇಕಾದ ಶಾಖನಿರೋಧಕ ಬೇಕಲೈಟ್ ತುಂಡು ಸರಿಯಾಗಿದೆಯೇ ಎಂದು ನೋಡುವುದು ಶಾಶ್ವತ ಪರಿಹಾರದ ಮೊದಲ ಮೆಟ್ಟಿಲು. ಹಿಂದೆ ಯಾರೋ ಪಂಪ್ ಬಿಚ್ಚಿದವರು ಅದನ್ನು ಮರಳಿ ಹಾಕದೆ ಬಿಟ್ಟಿರುವುದು ಸಾಮಾನ್ಯ.

ಇಲ್ಲಿ ಒಂದು ಅಪಾಯದ ವಿಷಯವನ್ನು ಒತ್ತಿ ಹೇಳಲೇಬೇಕು. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಲೋಕಾರ್ಪಣೆಗೊಂಡಿತು. 2025ರ ಹೊತ್ತಿಗೆ ದೇಶದಾದ್ಯಂತ ಆ ಪ್ರಮಾಣವನ್ನು ತಲುಪಿದ್ದಾಯಿತು. ಪದ್ಮಿನಿಯ ಕಾಲದ ರಬ್ಬರ್ ಕೊಳವೆಗಳು, ಪಂಪಿನ ಪೊರೆ, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ಟುಗಳು ಎಥನಾಲನ್ನು ತಾಳಲೆಂದು ಮಾಡಿದವಲ್ಲ. ಅವು ಉಬ್ಬಿ, ಮೃದುವಾಗಿ, ಕೊನೆಗೆ ಬಿರಿಯುತ್ತವೆ. ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುತ್ತದೆ. ಆ ತುಕ್ಕೇ ಕಾರ್ಬ್ಯುರೇಟರಿನ ಸೂಜಿರಂಧ್ರಕ್ಕೆ ಬಂದು ಕೂರುತ್ತದೆ. ‘ಕಚರಾ ಆಯಾ ಹೈ’ ಎಂದು ಇಲ್ಲಿನ ಮೆಕ್ಯಾನಿಕ್ಕುಗಳು ಒಂದೇ ಮಾತಿನಲ್ಲಿ ರೋಗನಿರ್ಣಯ ಮಾಡುವುದು ಇದನ್ನೇ. ಕಚರಾ ಬಂದರೆ ಕಾರು ನಿಲ್ಲುತ್ತದೆ, ಅಷ್ಟೆ. ಕೊಳವೆ ಬಿರಿದರೆ ಪೆಟ್ರೋಲ್ ಇಕ್ಕಟ್ಟಿನಲ್ಲಿ ಕಾದು ನಿಂತ ಎಕ್ಸಾಸ್ಟಿನ ಬಳಿ ತೊಟ್ಟಿಕ್ಕುತ್ತದೆ. ಜಾಗ ಧಾರಾಳವಾಗಿದ್ದರೆ ಆ ಕೊಳವೆ ಕಣ್ಣಿಗೆ ಬೀಳುತ್ತಿತ್ತು; ಕೆಳಗಿನ ಕತ್ತಲೆಯಲ್ಲಿರುವುದರಿಂದಲೇ ಅದನ್ನು ಯಾರೂ ನೋಡುವುದಿಲ್ಲ. ಆದ್ದರಿಂದ ಹಳೆಯ ಕಾರನ್ನು ಮತ್ತೆ ರಸ್ತೆಗಿಳಿಸುವವರು ಬಣ್ಣ, ಕ್ರೋಮಿಯಂ, ಸೀಟಿನ ಬಟ್ಟೆಗಳ ಗೊಡವೆಗೆ ಹೋಗುವ ಮೊದಲು ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗಿನ ಪ್ರತಿಯೊಂದು ರಬ್ಬರ್ ತುಂಡನ್ನೂ ಎಥನಾಲ್ ತಾಳುವ ಹೊಸ ಕೊಳವೆಗೆ, ಸಾಧ್ಯವಾದರೆ ವೈಟಾನ್ ಜಾತಿಯದಕ್ಕೆ, ಬದಲಾಯಿಸಬೇಕು. ಬೆಂಕಿ ಆರಿಸುವ ಚಿಕ್ಕ ಸಿಲಿಂಡರೊಂದು ಚಾಲಕನ ಕೈಗೆ ಸಿಗುವಂತಿರಲಿ. ನಮ್ಮ ಕಾರಿನಲ್ಲಿ ಮೊದಲು ಮಾಡಿದ ಕೆಲಸ ಇದೇ. ಎರಡು ಶನಿವಾರ ಹಿಡಿಯಿತು.

ಶನಿವಾರವೆಂದಾಗ ನೆನಪಾಯಿತು. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ದೊರೆತದ್ದು ನಮ್ಮಂಥವರ ಪಾಲಿಗೆ ವರವಾಯಿತು. ಭಾನುವಾರ ಹತ್ತು ಗಂಟೆಗೆ ಒಂದು ಗ್ಯಾಸ್ಕೆಟ್ ಹರಿದರೆ ಸೋಮವಾರ ಸಂಜೆಯವರೆಗೆ ಕಾರು ಕರುಳು ಹೊರಚೆಲ್ಲಿಕೊಂಡು ನಿಂತಿರಬೇಕಾಗುತ್ತದೆ. ಶನಿವಾರವಾದರೆ ಅಂಗಡಿ ತೆರೆದಿರುತ್ತದೆ. ಕೆಲಸದ ಜಾಗದ್ದಂತೂ ಬೇರೆಯೇ ಪುರಾಣ. ನಮ್ಮ ವಸತಿ ಸಮುಚ್ಚಯದಲ್ಲಿ ನಮಗೆ ದಕ್ಕಿದ ಪಾರ್ಕಿಂಗ್ ಎರಡೂವರೆ ಮೀಟರ್ ಅಗಲ. ಕಾರಿನ ಅಗಲವನ್ನು ಕಳೆದರೆ ಎರಡು ಮಗ್ಗುಲಿಗೂ ಉಳಿಯುವುದು ಸುಮಾರು ಅರ್ಧರ್ಧ ಮೀಟರ್. ಇಕ್ಕಟ್ಟಾದ ಕಾರು ಇಕ್ಕಟ್ಟಾದ ಜಾಗದಲ್ಲಿ, ಮೇಲಿಂದ ನೆಲದ ಎಣ್ಣೆ ಕಲೆಯ ಬಗ್ಗೆ ಸಮಿತಿಯವರ ಪತ್ರ.

ಇಂಥ ಜಾಗದಲ್ಲಿ ಮಾಡಬಾರದ ಕೆಲಸಗಳೂ ಇವೆ. ಕ್ಲಚ್ ಪ್ಲೇಟ್ ಬದಲಾಯಿಸಬೇಕೆಂದರೆ ಹಿಂಚಕ್ರಕ್ಕೆ ಹೋಗುವ ಪ್ರೊಪೆಲರ್ ಶಾಫ್ಟ್ ಕಳಚಿ, ಗೇರಿನ ಸರಳುಗಳನ್ನು ಬಿಡಿಸಿ, ಗೇರ್‌ಬಾಕ್ಸನ್ನು ಕೆಳಗಿನಿಂದ ಇಳಿಸಬೇಕು. ಸುಮಾರು 900 ಕಿಲೋ ತೂಗುವ ಕಾರಿನ ಅಡಿ ಮಲಗಿ, ಎದೆಯ ಮೇಲೆ ಗೇರ್‌ಬಾಕ್ಸ್ ಇಳಿಸಿಕೊಳ್ಳುವುದು ಸಾಹಸವಲ್ಲ, ಅವಿವೇಕ. ಟಯರ್ ಬದಲಾಯಿಸುವ ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಯಾವ ಕಾರಣಕ್ಕೂ, ಅರ್ಧ ನಿಮಿಷಕ್ಕೂ, ತಲೆ ತೂರಿಸಬಾರದು. ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಅಲುಗಾಡಿಸಿ ನೋಡಿ, ಚಕ್ರಗಳಿಗೆ ಮರದ ಅಡ್ಡ ಕೊಟ್ಟ ಮೇಲಷ್ಟೇ. ಬ್ರೇಕನ್ನೂ ನಾವು ಅನುಭವಿಗಳ ಕೈಗೇ ಒಪ್ಪಿಸುತ್ತೇವೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕುಗಳಿರುವ ಈ ಕಾರಿನಲ್ಲಿ ಒಂದು ಚಕ್ರ ಹೆಚ್ಚು ಹಿಡಿದರೂ ಕಾರು ಆ ಬದಿಗೆ ಎಳೆಯುತ್ತದೆ, ಮತ್ತು ತಪಾಸಣೆಯಲ್ಲಿ ಮೊದಲು ನೋಡುವುದು ಅದನ್ನೇ.

ಹಾಗಾದರೆ ಇಷ್ಟೆಲ್ಲ ಕಷ್ಟ ಹಿಂದೆ ಇರಲಿಲ್ಲವೇ? ಇತ್ತು. ಆದರೆ ಇಕ್ಕಟ್ಟಿನಲ್ಲಿ ಒಂದು ಭಾಗ ಮುರಿದರೆ ಎರಡನೆಯದು ಮರುದಿನವೇ ಸಿಗುತ್ತಿತ್ತು. ಅದಕ್ಕೆ ಕಾರಣ ನಮ್ಮಂತಹ ಮನೆಯವರಲ್ಲ, ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳು. ದಿನವಿಡೀ ಓಡಿ ಸವೆಯುವ ಸಾವಿರಾರು ಟ್ಯಾಕ್ಸಿಗಳಿಗಾಗಿ ಬುಶ್ಶು, ಕಿಂಗ್‌ಪಿನ್, ಕೇಬಲ್‌ಗಳನ್ನು ಮಾಡುವ ಸಣ್ಣ ಕಾರ್ಖಾನೆಗಳು ಬದುಕಿದ್ದವು. ಅವುಗಳ ನೆರಳಿನಲ್ಲಿ ನಾವೂ ಬದುಕಿದ್ದೆವು. ಈ ಶತಮಾನದ ಆರಂಭದಲ್ಲಿ ಪದ್ಮಿನಿಯ ತಯಾರಿಕೆ ನಿಂತಿತು. ಮುಂಬಯಿಯಲ್ಲಿ ಟ್ಯಾಕ್ಸಿಗೆ 20 ವರ್ಷದ ವಯೋಮಿತಿ ಇರುವುದರಿಂದ, 2003ರ ಅಕ್ಟೋಬರಿನಲ್ಲಿ ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ ಅಂತ್ಯಕ್ಕೆ ರಸ್ತೆಯಿಂದ ನಿರ್ಗಮಿಸಿತು. ಪತ್ರಿಕೆಗಳು ಅದನ್ನು ನೆನಪಿನ ಸಂಗತಿಯಾಗಿ ಬರೆದವು. ಪದ್ಮಿನಿಯ ಯಜಮಾನರಿಗೆ ಅದು ಬಿಡಿಭಾಗದ ಸಂಗತಿ. ಈಗ ಕುರ್ಲಾದ ಗುಜರಿ, ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಂದು ಹುಡುಕಬೇಕು. ಸಿಕ್ಕರೂ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ ಇಂದು ಪಾನಾ ತಿರುಗಿಸುವವನ ಕೈಯಲ್ಲಿ ಒಂದು ಬಗೆಯ ಭಯವಿರುತ್ತದೆ, ಮುರಿದರೆ ಮುಗಿಯಿತು.

ಕಾನೂನಿನಲ್ಲಿಯೂ ಪದ್ಮಿನಿಯದು ಇಕ್ಕಟ್ಟಿನ ಸ್ಥಾನವೇ. ಕೇಂದ್ರ ಸರಕಾರ 2021ರ ಜುಲೈಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪ ಬದಲಾಗದ ವಾಹನ ಮಾತ್ರ ‘ವಿಂಟೇಜ್’. ನಮ್ಮದು ಆ ಗೌರವಕ್ಕೆ 2036ರವರೆಗೆ ಕಾಯಬೇಕು. ದೊರೆತ ಮೇಲೂ ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ತಾಯಿಯವರನ್ನು ತೆಲಂಗಖೇಡಿಯ ಹನುಮಂತನ ಗುಡಿಗೆ ಕರೆದೊಯ್ಯುವುದು ರ‍್ಯಾಲಿ ಎನಿಸಿಕೊಳ್ಳುವುದೋ ಇಲ್ಲವೋ, ಬಲ್ಲವರೇ ಹೇಳಬೇಕು. ಅಲ್ಲಿಯವರೆಗೆ ಅದು ಬರಿಯ ಹಳೆಯ ಕಾರು. 15 ವರ್ಷ ಮೀರಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5000 ರೂಪಾಯಿಗೆ ಏರಿತು. 20 ವರ್ಷ ಮೀರಿದವುಗಳಿಗೆ 2025ರ ಆಗಸ್ಟಿನ ಅಧಿಸೂಚನೆ ಅದನ್ನು 10,000 ರೂಪಾಯಿ ಮಾಡಿತು. ಶುಲ್ಕಕ್ಕಿಂತ ಕಠಿಣವಾದದ್ದು ತಪಾಸಣೆ. ದೀಪ, ಹಾರನ್, ವೈಪರ್, ಹೊಗೆ, ಬ್ರೇಕು ಎಲ್ಲವೂ ಆ ಒಂದು ದಿನ ಒಟ್ಟಿಗೆ ಕೆಲಸ ಮಾಡಬೇಕು. ಹಳೆಯ ಕಾರಿನ ಅವಯವಗಳು ಹಾಗೆ ಏಕಮತಕ್ಕೆ ಬರುವುದು ಅಪರೂಪ.

ನಮ್ಮ ಕಾರಿನಲ್ಲಿ ಪೆಟ್ರೋಲಿನ ಕೊಳವೆಗಳು, ಪಂಪಿನ ಪೊರೆ, ಪ್ಲಗ್ಗುಗಳು, ಸ್ಪೀಡೋಮೀಟರಿನ ಕೇಬಲ್ ಮನೆಯಲ್ಲೇ ಮುಗಿದವು. ಬ್ರೇಕು, ಕ್ಲಚ್ಚುಗಳನ್ನು ನಗರದ ಒಬ್ಬ ಹಳೆಯ ಮೆಕ್ಯಾನಿಕ್ ನೋಡಿಕೊಂಡಿದ್ದಾರೆ. ಪದ್ಮಿನಿಯ ಕೆಲಸ ತಿಳಿದವರು ತಮ್ಮ ಅಂಗಡಿಯಲ್ಲಿ ತಾವೊಬ್ಬರೇ ಉಳಿದಿರುವುದಾಗಿ ಅವರು ಹೇಳುತ್ತಾರೆ, ಅವರ ಮಗನಿಗೆ ಗೊತ್ತಿರುವುದು ಕಂಪ್ಯೂಟರ್ ಜೋಡಿಸಿ ನೋಡುವ ಕಾರುಗಳು ಮಾತ್ರ. ಉಳಿದಿರುವುದು ವೈಪರಿನ ಸಂಧಿ. ಅದರ ಬುಶ್ಶನ್ನು ಜೆ.ಸಿ. ರಸ್ತೆಯಿಂದ ತರಿಸಿದ್ದೇವೆ, ಸಾವಿರ ಕಿಲೋಮೀಟರಿಗೂ ಮೀರಿದ ದಾರಿ. ಹೊರಸುತ್ತಳತೆ ತುಸು ಹೆಚ್ಚಾಗಿರುವುದರಿಂದ ಲೇತಿನಲ್ಲಿ ಇಳಿಸಲು ಕೊಟ್ಟಿದೆ. ಮುಂದಿನ ಎರಡನೆಯ ಶನಿವಾರ ಮುಂದಿನ ಆಸನವನ್ನು ಮತ್ತೊಮ್ಮೆ ಬಿಚ್ಚುವವರಿದ್ದೇವೆ.